ಸೆಕೆಗೆ ತಲೆ ಕೆಟ್ಟಿದೆ ಅನ್ನುವ ಮೊದಲು ಮೈಬಿಸಿ ನೋಡಿ

ಬೆಳಗಿನಜಾವ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ತಮ್ಮನನ್ನೇ ಕೇಳಿದೆ. "ಬರಿ ಅಕ್ಕಾ, ಇನ್ನೊಬ್ಬರಿಗೆ ಹೀಗಾಗುವುದು ಬೇಡ" ಅಂದ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವೊಮ್ಮೆ ವಿಪರೀತ ಹುಮ್ಮಸ್ಸಿಗೆ ಏರುವ, ಕೆಲವೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ. ಅದನ್ನು ಹತೋಟಿಯಲ್ಲಿಡಲು ಒಂಬತ್ತು ವರ್ಷದಿಂದ ಲಿಥಿಯಂ ಮಾತ್ರೆ ನುಂಗುತ್ತಿದ್ದಾನೆ. ಕೆಲಸ, ಮನೆ, ಸ್ನೇಹಿತರು ಎಲ್ಲ ಸರಿಯಾಗಿಯೇ ಇತ್ತು. ಈ ಬೇಸಿಗೆಯಲ್ಲಿ ಬಿಸಿಗಾಳಿ ಜೋರಾದ ವಾರ ಅವನಿಗೆ ಎರಡು ದಿನ ಭೇದಿ ಆಯಿತು. ನೀರು ಕುಡಿದದ್ದು ಕಡಿಮೆ. ಹೊರಗಿನ ಕೆಲಸ ಬೇರೆ. ತಲೆನೋವು ಅಂತ ಐಬುಪ್ರೊಫೆನ್ ನುಂಗಿದ್ದ, ಅದೂ ಎರಡು ಮೂರು ಸಲ. ಇದೆಲ್ಲ ಒಂದಕ್ಕೊಂದು ಸಂಬಂಧ ಇರುವ ವಿಷಯ ಅಂತ ನಮಗೆ ಆಗ ಹೊಳೆಯಲೇ ಇಲ್ಲ.

ಮೂರನೇ ದಿನ ಸಂಜೆ ನೀರಿನ ಲೋಟ ಕೈಗೆ ಕೊಟ್ಟೆ. ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ನೀರು ಅಂಗಿ ಮೇಲೆ ಚೆಲ್ಲಿತ್ತು, ಅಷ್ಟು ಕೈ ನಡುಗುತ್ತಿತ್ತು. ಮಾತು ತೊದಲುತ್ತಿತ್ತು. ಎದ್ದು ನಿಂತವನು ಗೋಡೆ ಹಿಡಿದುಕೊಂಡ. ನಾನು ಏನೋ ಕೇಳಿದರೆ ಅವನು ಬೇರೆ ಏನೋ ಹೇಳಿದ. ಹೆದರಿ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆವು.

ಅಲ್ಲಿ ಚೀಟಿ ಬರೆಯುವಾಗ ಹಳೆಯ ಕಾಯಿಲೆ ಏನು ಅಂತ ಕೇಳಿದರು. ಬೈಪೋಲಾರ್ ಅಂದೆವು. ಅಷ್ಟೇ, ಅಲ್ಲಿಂದ ಮುಂದೆ ಅವನ ಮೈಯನ್ನು ಯಾರೂ ನೋಡಲಿಲ್ಲ. "ಕಾಯಿಲೆ ಮರುಕಳಿಸಿದೆ, ಮನೋವೈದ್ಯರು ಬೆಳಿಗ್ಗೆ ಬರುತ್ತಾರೆ, ಕೂತಿರಿ" ಅಂದರು. ನಾಲ್ಕು ಗಂಟೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆವು. ಕೊನೆಗೆ ಪಾಳಿ ಬದಲಾಗಿ ಬಂದ ಒಬ್ಬ ಹಿರಿಯ ನರ್ಸ್ ಅವನ ಹಣೆ ಮುಟ್ಟಿದರು, ನಾಲಿಗೆ ತೋರಿಸು ಅಂದರು, ಮೂತ್ರಕ್ಕೆ ಕಡೆಯ ಸಲ ಹೋದದ್ದು ಯಾವಾಗ ಅಂತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ "ಯಾವ ಮಾತ್ರೆ ತಗೊಳ್ತಾರೆ, ಹಾಳೆ ಇದೆಯಾ?" ಅಂದರು. ನನ್ನ ಚೀಲದಲ್ಲಿ ಇತ್ತು, ತೋರಿಸಿದೆ. ಅದನ್ನು ನೋಡಿದ್ದೇ ತಡ, ಅವರೇ ಓಡಿಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು.

ರಕ್ತದಲ್ಲಿ ಲಿಥಿಯಂ ಪ್ರಮಾಣ 2.4. ಸಾಮಾನ್ಯವಾಗಿ 0.6ರಿಂದ 1ರ ಆಸುಪಾಸಿನಲ್ಲಿ ಇರಬೇಕಾದದ್ದು. ಅವನಿಗೆ ಹುಚ್ಚು ಹಿಡಿದಿರಲಿಲ್ಲ. ಅವನ ಮಾತ್ರೆಯೇ ಅವನಿಗೆ ವಿಷವಾಗಿತ್ತು. ಎರಡು ದಿನ ಡ್ರಿಪ್, ಕೆಲವು ಗಂಟೆಗೊಮ್ಮೆ ರಕ್ತಪರೀಕ್ಷೆ. ಈಗ ಮನೆಯಲ್ಲಿದ್ದಾನೆ. ಕೈನಡುಕ ಇನ್ನೂ ಪೂರ್ತಿ ಹೋಗಿಲ್ಲ.

ನನಗೆ ಯಾರ ಮೇಲೂ ಕೇಸು ಹಾಕುವ ಆಸೆ ಇಲ್ಲ. ಆದರೆ ಆ ನಾಲ್ಕು ಗಂಟೆ ನನ್ನ ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದ್ದೀರಿ, ಮನೆಯಲ್ಲಿ ಇಂಥ ಕಾಯಿಲೆ ಇರುವವರನ್ನು ನೋಡಿಕೊಳ್ಳುವವರೂ ಇದ್ದೀರಿ. ಸೆಕೆಗೂ ಮನಸ್ಸಿಗೂ ಇಷ್ಟು ನಂಟು ಇದೆ ಅಂತ ನಮಗೆ ಯಾಕೆ ಯಾರೂ ಮೊದಲೇ ಹೇಳಲಿಲ್ಲ?

ರಾತ್ರಿಪಾಳಿ

ಬೆಳಗಿನಜಾವ ಅವರೇ, ನಿಮ್ಮ ತಮ್ಮ ಬೇಗ ಪೂರ್ತಿ ಚೇತರಿಸಿಕೊಳ್ಳಲಿ. ನಾನು ತುರ್ತು ವಿಭಾಗದಲ್ಲಿ ನರ್ಸ್, ಹದಿನಾಲ್ಕು ವರ್ಷ ಆಯಿತು. ನೀವು ಬರೆದದ್ದನ್ನು ಓದಿ ನನಗೆ ಆಶ್ಚರ್ಯ ಆಗಲಿಲ್ಲ, ಅದೇ ನನಗೆ ಬೇಸರ.

ನಮ್ಮಲ್ಲಿ ಇದು ಆಗುವ ರೀತಿ ಹೀಗೆ. ಬಿಸಿಲು ಏರಿದ ದಿನ ಜನ ಜಾಸ್ತಿ ಬರುತ್ತಾರೆ. ಹಾಸಿಗೆ ತುಂಬಿರುತ್ತದೆ, ನಮಗೂ ಸೆಕೆ, ನಮಗೂ ನಿದ್ದೆ ಇಲ್ಲ. ಒಬ್ಬ ಮನುಷ್ಯ ಕೂಗಾಡುತ್ತಾ ಬರುತ್ತಾನೆ. ಫೈಲಿನಲ್ಲಿ ಹಳೆಯ ಮಾನಸಿಕ ಕಾಯಿಲೆಯ ಹೆಸರು ಇರುತ್ತದೆ. ಸುಸ್ತಾದ ಕಣ್ಣಿಗೆ ಆ ಹೆಸರೇ ಉತ್ತರವಾಗಿ ಕಾಣುತ್ತದೆ. ಒಮ್ಮೆ ಮನೋರೋಗಿ ಅಂತ ಬರೆದರೆ ಆಮೇಲೆ ಬಂದವರೆಲ್ಲ ಅದನ್ನೇ ಓದುತ್ತಾರೆ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಧ್ಯಾಹ್ನ ಒಬ್ಬರನ್ನು ಮನೆಯವರು ಕೈಕಾಲು ಹಿಡಿದುಕೊಂಡು ಎತ್ತಿಕೊಂಡು ಬಂದರು. ಐವತ್ತರ ಆಸುಪಾಸು, ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಭಯ ಹುಟ್ಟಿಸುವ ಮಾನಸಿಕ ಕಾಯಿಲೆ) ಇತ್ತು. ಆ ಸುಡುಬಿಸಿಲಿನಲ್ಲಿ ಎರಡು ಅಂಗಿ, ಅದರ ಮೇಲೆ ಸ್ವೆಟರ್. ಒದೆಯುತ್ತಿದ್ದರು, ಬೈಯುತ್ತಿದ್ದರು. "ಇಂಜೆಕ್ಷನ್ ಕೊಟ್ಟು ಮಲಗಿಸಿ" ಅಂತ ಮನೆಯವರ ಒತ್ತಾಯ. ನಾನು ತೋಳು ಹಿಡಿದೆ. ಕಾದ ಹೆಂಚಿನ ಹಾಗೆ ಇತ್ತು, ಆದರೆ ಒಂದು ಹನಿ ಬೆವರಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 38.6 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಗುದದ್ವಾರದಲ್ಲಿ ನೋಡಿದಾಗ 41.2. ಒಳಗಿನ ಬಿಸಿ ಬೇರೆ, ಹೊರಗಿನದು ಬೇರೆ, ಇದನ್ನು ದಯವಿಟ್ಟು ನೆನಪಿಡಿ.

ಬಟ್ಟೆ ಬಿಚ್ಚಿ, ಮೈಗೆಲ್ಲ ತಣ್ಣೀರು ಸುರಿದು, ಎರಡು ಫ್ಯಾನ್ ಹಚ್ಚಿ, ಕುತ್ತಿಗೆ ಕಂಕುಳು ತೊಡೆಸಂದಿಗೆ ಐಸ್ ಇಟ್ಟೆವು. ಮೈಬಿಸಿ 39ಕ್ಕೆ ಇಳಿದಾಗ ಅವರು ಕಣ್ಣು ಬಿಟ್ಟು, ಮೆಲ್ಲಗೆ, ಮರ್ಯಾದೆಯಿಂದ, "ನನ್ನ ಚಪ್ಪಲಿ ಎಲ್ಲಿ?" ಅಂತ ಕೇಳಿದರು. ಅರ್ಧ ಗಂಟೆ ಹಿಂದೆ ನಾವು ಐದು ಜನ ಹಿಡಿದುಕೊಂಡಿದ್ದ ಮನುಷ್ಯ ಅವರೇ.

ಮೈಯೊಳಗಿನ ಬಿಸಿ 40 ದಾಟಿ, ಜೊತೆಗೆ ಗೊಂದಲ, ಕೂಗಾಟ, ಅಪಸ್ಮಾರ, ಪ್ರಜ್ಞೆ ತಪ್ಪುವುದು ಇದ್ದರೆ ಅದು ಹೀಟ್ ಸ್ಟ್ರೋಕ್. ಮಿದುಳು ಬೇಯುತ್ತಿರುವಾಗ ಮನುಷ್ಯ ವಿಚಿತ್ರವಾಗಿ ಆಡುತ್ತಾನೆ. ಅವನ ಫೈಲಿನಲ್ಲಿ ಏನು ಬರೆದಿದೆ ಅನ್ನುವುದು ಆಮೇಲಿನ ಮಾತು. ಒದ್ದಾಡುವವರನ್ನು ಅಮುಕಿ ಕಟ್ಟಿಹಾಕಿದರೆ ಅವರು ಇನ್ನೂ ಜೋರಾಗಿ ಎಳೆದಾಡುತ್ತಾರೆ, ಸ್ನಾಯು ದುಡಿದಷ್ಟೂ ಬಿಸಿ ಏರುತ್ತದೆ. ಹಾಗಾಗಿ ಕಟ್ಟಿ ಸುಮ್ನೆ ಬಿಟ್ಟುಬಿಡುವುದು ತುಂಬಾ ಅಪಾಯ.

ಇನ್ನೊಂದು ಸೂಕ್ಷ್ಮ ಇದೆ. ಮನೋರೋಗದ ಕೆಲವು ಮಾತ್ರೆಗಳಿಂದಲೇ ಅಪರೂಪಕ್ಕೆ ಜೋರು ಜ್ವರ, ಮೈ ಮರದ ಹಾಗೆ ಸೆಟೆದುಕೊಳ್ಳುವುದು, ಗೊಂದಲ ಎಲ್ಲ ಒಟ್ಟಿಗೆ ಬರಬಹುದು. ಅದೂ ಪ್ರಾಣಕ್ಕೆ ಕುತ್ತು. ನೋಡಲು ಹೀಟ್ ಸ್ಟ್ರೋಕ್ ಹಾಗೇ ಇರುತ್ತದೆ. ಅದಕ್ಕೇ ಮಾತ್ರೆಯ ಹಾಳೆ ಕೈಯಲ್ಲಿರಬೇಕು. ನೀವು ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇ ನಿಮ್ಮ ತಮ್ಮನನ್ನು ಉಳಿಸಿದ್ದು.

ಓದುಗ47

ಇಬ್ಬರ ಅನುಭವವನ್ನೂ ಗೌರವಿಸುತ್ತೇನೆ. ಆದರೂ ಒಂದು ಪ್ರಶ್ನೆ. ಬೇಸಿಗೆಯಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ, ಮನೆಯಲ್ಲಿ ಸಣ್ಣದಕ್ಕೂ ಜಗಳ. ಇದು ಮೊದಲಿನಿಂದಲೂ ಇದ್ದದ್ದೇ ಅಲ್ವಾ? ಲಿಥಿಯಂ ವಿಷಯ ಒಂದು ಮಾತ್ರೆಯ ವಿಷಯ, ಹೀಟ್ ಸ್ಟ್ರೋಕ್ ಮೈಯ ಕಾಯಿಲೆ. ಇವೆರಡನ್ನೂ ಸೇರಿಸಿ ಸೆಕೆಯಿಂದ ಮಾನಸಿಕ ಕಾಯಿಲೆ ಜಾಸ್ತಿ ಆಗುತ್ತದೆ ಅಂದರೆ ಜನ ಸುಮ್ಮನೆ ಹೆದರುವುದಿಲ್ಲವೇ? ತಪ್ಪು ತಿಳಿಯಬೇಡಿ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಮಾತ್ರೆಡಬ್ಬಿ

ಓದುಗ47 ಅವರೇ, ಕೇಳಿದ್ದು ಒಳ್ಳೆಯದಾಯಿತು. ನಾನು ಫಾರ್ಮಸಿಸ್ಟ್. ಈ ವಿಷಯವನ್ನು ಕೆಲವು ವರ್ಷದಿಂದ ಓದುತ್ತಿದ್ದೇನೆ.

ಬರೀ ಸಿಟ್ಟಿನ ಮಾತಲ್ಲ ಇದು. ಅಮೆರಿಕದಲ್ಲಿ 2010ರಿಂದ 2019ರವರೆಗೆ ಸುಮಾರು 22 ಲಕ್ಷ ವಯಸ್ಕರು ಮಾನಸಿಕ ತೊಂದರೆಗಾಗಿ ತುರ್ತು ವಿಭಾಗಕ್ಕೆ ಹೋದ ಸುಮಾರು 35 ಲಕ್ಷ ಭೇಟಿಗಳ ಲೆಕ್ಕ ತೆಗೆದಿದ್ದಾರೆ. 2022ರಲ್ಲಿ ಪ್ರಕಟವಾಯಿತು. ಆಯಾ ಜಾಗದಲ್ಲಿ ಬೇಸಿಗೆಯ ಅತಿ ಬಿಸಿಯಾದ ದಿನಗಳನ್ನು ತಂಪಾದ ದಿನಗಳ ಜೊತೆ ಹೋಲಿಸಿದಾಗ ಇಂಥ ಭೇಟಿಗಳು ಸುಮಾರು ಶೇ. 8ರಷ್ಟು ಜಾಸ್ತಿ. ಆತಂಕ, ಖಿನ್ನತೆ, ಸ್ಕಿಜೋಫ್ರೇನಿಯಾ, ಮದ್ಯ ಮತ್ತು ಮಾದಕ ವಸ್ತುಗಳ ತೊಂದರೆ, ಎಲ್ಲದರಲ್ಲೂ ಏರಿಕೆ. ಶೇ. 8 ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಮೊದಲೇ ತುಂಬಿ ತುಳುಕುವ ವಿಭಾಗಕ್ಕೆ ಅದು ಸಣ್ಣದಲ್ಲ. ರಾತ್ರಿಪಾಳಿ ಅವರನ್ನೇ ಕೇಳಿ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಇದಕ್ಕಿಂತ ಮೊದಲೇ, 2008ರಲ್ಲಿ, ಇಂಥದ್ದೇ ಅಧ್ಯಯನ ಬಂದಿತ್ತು. ಬಿಸಿಗಾಳಿಯ ದಿನಗಳಲ್ಲಿ ಮಾನಸಿಕ ಮತ್ತು ವರ್ತನೆಯ ತೊಂದರೆಗೆ ಆಸ್ಪತ್ರೆ ಸೇರುವವರು ಶೇ. 7.3ರಷ್ಟು ಹೆಚ್ಚಾಗಿದ್ದರು. ಏರಿಕೆ ಶುರುವಾಗಿದ್ದು 26.7 ಡಿಗ್ರಿಯ ಆಸುಪಾಸಿನಿಂದ. ಅಂದರೆ ದಾಖಲೆ ಮುರಿಯುವ ಬಿಸಿಲೇ ಬೇಕಿಲ್ಲ. ಮೈ ಯಾವುದಕ್ಕೆ ಒಗ್ಗಿದೆ ಅನ್ನುವುದು ಮುಖ್ಯ. ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು, ಹಾಗಾಗಿ ಬೇಸಿಗೆಯ ಮೊದಲ ಬಿಸಿಗಾಳಿಯೇ ಜಾಸ್ತಿ ಕಾಡುತ್ತದೆ.

ಇನ್ನು "ಅದು ಮೈಯ ಕಾಯಿಲೆ, ಇದು ಮನಸ್ಸಿನದು" ಅನ್ನುವ ಗೆರೆ. ಸೆಕೆ ಆ ಗೆರೆಯನ್ನು ಅಳಿಸಿಬಿಡುತ್ತದೆ. 2007ರಲ್ಲಿ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ, ಮೊದಲೇ ಮಾನಸಿಕ ಕಾಯಿಲೆ ಇದ್ದವರು ಬಿಸಿಗಾಳಿಯಲ್ಲಿ ಸಾಯುವ ಅಪಾಯ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಅಂತ ಕಂಡಿತು. ಸಾಯುವುದು ಮೈಯೇ, ಆದರೆ ಅಪಾಯ ತಂದದ್ದು ಕಾಯಿಲೆ, ಮಾತ್ರೆ, ಒಂಟಿತನ ಎಲ್ಲ ಸೇರಿ.

ಮಾತ್ರೆಗಳ ಕಥೆ ಇಷ್ಟು. ಲಿಥಿಯಂ ಹೊರಹೋಗುವುದು ಮೂತ್ರಪಿಂಡದಿಂದ. ಉಪ್ಪಿನಲ್ಲಿರುವ ಸೋಡಿಯಂ ಯಾವುದು, ಲಿಥಿಯಂ ಯಾವುದು ಅಂತ ಮೂತ್ರಪಿಂಡಕ್ಕೆ ಸರಿಯಾಗಿ ಬೇರೆ ಮಾಡಲು ಬರುವುದಿಲ್ಲ. ಬೆವರಿ, ಭೇದಿಯಾಗಿ ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾದಾಗ ಅದು ಸೋಡಿಯಂ ಬಿಡಬಾರದು ಅಂತ ಹಿಡಿದುಕೊಳ್ಳುತ್ತದೆ, ಅದರ ಜೊತೆಗೇ ಲಿಥಿಯಂ ಕೂಡ ಮೈಯಲ್ಲೇ ಉಳಿಯುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಆ ಹೊರಹೋಗುವ ದಾರಿಯನ್ನು ಇನ್ನೂ ಇಕ್ಕಟ್ಟು ಮಾಡುತ್ತದೆ. ಬೆಳಗಿನಜಾವ ಅವರ ತಮ್ಮನಿಗೆ ಮೂರೂ ಒಟ್ಟಿಗೆ ಬಂದಿತ್ತು.

ಸ್ಕಿಜೋಫ್ರೇನಿಯಾಗೆ ಕೊಡುವ ಮಾತ್ರೆಗಳು ಮಿದುಳಿನಲ್ಲಿ ಮೈಬಿಸಿಯನ್ನು ಹತೋಟಿಯಲ್ಲಿಡುವ ಭಾಗವನ್ನೇ ಮಂಕು ಮಾಡಬಹುದು. ಮೈ ಕಾಯುತ್ತಿದ್ದರೂ ಆ ಮನುಷ್ಯನಿಗೆ ಸೆಕೆ ಅನ್ನಿಸದೇ ಇರಬಹುದು, ಬಾಯಾರಿಕೆ ಆಗದೇ ಇರಬಹುದು. ಸ್ವೆಟರ್ ಹಾಕಿಕೊಂಡಿದ್ದ ಅವರನ್ನು ನೆನೆಸಿಕೊಳ್ಳಿ. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೆ ಮತ್ತು ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಬೆವರನ್ನೇ ಕಡಿಮೆ ಮಾಡುತ್ತವೆ. ಬೆವರದ ಮೈ ತಣಿಯುವುದು ಹೇಗೆ? ಖಿನ್ನತೆಯ ಇನ್ನು ಕೆಲವು ಮಾತ್ರೆ ಉಲ್ಟಾ, ಬೆವರು ಜಾಸ್ತಿ ಮಾಡುತ್ತವೆ. ಜೊತೆಗೆ ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡುವ ಮಾತ್ರೆಯೂ ಇದ್ದರೆ ನೀರು ಇನ್ನೂ ಬೇಗ ಇಳಿಯುತ್ತದೆ.

ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಕೈಮುಗಿದು ಕೇಳುತ್ತೇನೆ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ಬೇಸಿಗೆಗೆ ಮೊದಲೇ ಡಾಕ್ಟರ ಹತ್ತಿರ ಹೋಗಿ "ಬಿಸಿಲು ಏರಿದರೆ ನಾನು ಏನು ಮಾಡಬೇಕು, ಭೇದಿಯಾದರೆ ಈ ಮಾತ್ರೆ ಏನು ಮಾಡಬೇಕು" ಅಂತ ಕೇಳಿ ಬರೆಸಿಕೊಳ್ಳಿ. ಲಿಥಿಯಂ ತೆಗೆದುಕೊಳ್ಳುವವರು ರಕ್ತಪರೀಕ್ಷೆ ಯಾವಾಗ ಮಾಡಿಸಬೇಕು ಅಂತಲೂ ಕೇಳಿ. ಮಾತ್ರೆಗಳನ್ನು ಕಾರಿನಲ್ಲಿ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ.

ಸೈರನ್

ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಬರೆಯುವ ಅಭ್ಯಾಸ ಇಲ್ಲ, ಕಂಡದ್ದು ಹೇಳುತ್ತೇನೆ.

ಹೊರಗೆ ಬಿಸಿಲಿನಲ್ಲಿ ಬಿದ್ದವರನ್ನು ಯಾರಾದರೂ ನೋಡಿ ಕರೆ ಮಾಡುತ್ತಾರೆ. ಸಾವು ಜಾಸ್ತಿ ಆಗುವುದು ಬಾಗಿಲ ಹಿಂದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2021ರ ಜೂನ್ ಕೊನೆಯಲ್ಲಿ ಭಾರಿ ಬಿಸಿ ಬಂತು. ಲಿಟನ್ ಅನ್ನುವ ಊರಿನಲ್ಲಿ 49.6 ಡಿಗ್ರಿ. ಆ ಪ್ರಾಂತ್ಯದಲ್ಲಿ 619 ಜನ ಸತ್ತರು. ಅವರಲ್ಲಿ ಶೇ. 98ರಷ್ಟು ಜನ ಸೆಕೆಗೆ ಸಿಕ್ಕಿದ್ದು ಕಟ್ಟಡದ ಒಳಗೆ. ಅರ್ಧಕ್ಕಿಂತ ಹೆಚ್ಚು ಜನ ಒಂಟಿಯಾಗಿ ಇದ್ದವರು. ಸತ್ತವರ ಕಾಯಿಲೆಗಳನ್ನು ಆಮೇಲೆ ಲೆಕ್ಕ ಹಾಕಿದಾಗ ಸ್ಕಿಜೋಫ್ರೇನಿಯಾ ಎದ್ದು ಕಂಡಿತು, ಅಪಾಯ ಸುಮಾರು ಮೂರು ಪಟ್ಟು. ಇದನ್ನು ತರಬೇತಿಯಲ್ಲಿ ಹೇಳಿದಾಗ ನನಗೆ ನಾನು ಹೋಗಿದ್ದ ಒಂದು ಕೋಣೆ ಕಣ್ಣ ಮುಂದೆ ಬಂತು.

ತಾರಸಿಯ ಕೆಳಗಿನ ಕೊನೆಯ ಮಹಡಿ. ಎಲ್ಲ ಕಿಟಕಿ ಮುಚ್ಚಿ, ಸಂದಿಗೆ ಪೇಪರ್ ಅಂಟಿಸಿತ್ತು. ಒಳಗಿದ್ದ ಹೆಂಗಸಿಗೆ ಯಾರೋ ನೋಡುತ್ತಾರೆ ಅನ್ನುವ ಭಯ. ಬಾಗಿಲು ತೆಗೆದಾಗ ಒಲೆಯ ಬಾಯಿ ತೆರೆದ ಹಾಗೆ ಮುಖಕ್ಕೆ ಝಳ ಹೊಡೆಯಿತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಅದರ ಗಾಳಿಯೇ ಸುಡುತ್ತಿತ್ತು. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಮೈಯನ್ನು ಇನ್ನೂ ಬಿಸಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಕ್ಕಪಕ್ಕದವರು ಮೂರು ದಿನದಿಂದ ಅವರನ್ನು ನೋಡಿರಲಿಲ್ಲ. ಕರೆ ಮಾಡಿದ್ದು ನೀರಿನ ಮೀಟರ್ ನೋಡಲು ಬಂದವನು. ಅವನು ಬಾಗಿಲು ತಟ್ಟಿದ್ದಕ್ಕೆ ಅವರು ಬದುಕಿದರು.

ಅವರನ್ನು ಹೊರಗೆ ಕರೆತರಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಎಳೆದುಕೊಂಡು ಬರಲಿಲ್ಲ. ನನ್ನ ಜೊತೆಗಿದ್ದವಳು ಬಾಗಿಲಲ್ಲೇ ಕೂತು, ಒದ್ದೆ ಬಟ್ಟೆ ಕೈಗೆ ಕೊಟ್ಟು, "ಮುಖ ಒರೆಸಿಕೊಳ್ಳಿ ಅಮ್ಮಾ, ನಾನು ಇಲ್ಲೇ ಇರ್ತೀನಿ" ಅಂತ ಅಷ್ಟೇ ಹೇಳುತ್ತಿದ್ದಳು. ಪ್ರಜ್ಞೆ ಇತ್ತು, ಮಾತಾಡುತ್ತಿದ್ದರು, ಹಾಗಾಗಿ ಕಾಯಲು ಆಯಿತು. ಮಾತು ತಪ್ಪಿದ್ದರೆ ಕಾಯುತ್ತಿರಲಿಲ್ಲ.

ಹೀಟ್ ಸ್ಟ್ರೋಕ್ ಅಂತ ಅನುಮಾನ ಬಂದರೆ ನಮಗೆ ಕರೆ ಮಾಡಿ, ಆದರೆ ನಾವು ಬರುವವರೆಗೆ ಕಾಯಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ನೀರು ಸುರಿಯಿರಿ, ಬೀಸಿ. ಆರೋಗ್ಯವಾಗಿದ್ದ ಹರೆಯದವರು ದುಡಿಯುವಾಗ ಅಥವಾ ಓಡುವಾಗ ಬಿದ್ದಿದ್ದರೆ, ತಲೆ ಹಿಡಿದುಕೊಳ್ಳಲು ಜನ ಇದ್ದರೆ, ಕುತ್ತಿಗೆವರೆಗೆ ತಣ್ಣೀರಿನಲ್ಲಿ ಮುಳುಗಿಸುವುದೇ ಎಲ್ಲಕ್ಕಿಂತ ಬೇಗ ತಣಿಸುತ್ತದೆ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಪ್ಯಾರಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರ ಅಲ್ಲ, ಅದು ಇಲ್ಲಿ ಕೆಲಸ ಮಾಡುವುದಿಲ್ಲ.

ಹಗುರನಿದ್ದೆ

ನನಗೂ ಬೈಪೋಲಾರ್ ಇದೆ. ಬೆಳಗಿನಜಾವ ಅವರ ತಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮಾತ್ರೆಯ ಬಗ್ಗೆ ಎಲ್ಲರೂ ಹೇಳಿದಿರಿ. ನಾನು ನಿದ್ದೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಎರಡು ಸಲ ಆಸ್ಪತ್ರೆಗೆ ಕಳಿಸಿದ್ದು ಅದೇ. ಹಗಲಿನ ಬಿಸಿಲನ್ನು ಹೇಗೋ ತಡೆದುಕೊಳ್ಳಬಹುದು. ರಾತ್ರಿಯೂ ಗೋಡೆ ಬೆಚ್ಚಗೇ ಇದ್ದರೆ ಮುಗಿಯಿತು. ನಿದ್ದೆ ಬರಬೇಕಾದರೆ ಮೈಬಿಸಿ ಸ್ವಲ್ಪ ಇಳಿಯಬೇಕಂತೆ, ಸೆಕೆಯ ರಾತ್ರಿ ಅದು ಇಳಿಯುವುದೇ ಇಲ್ಲ. ಮೊದಲ ರಾತ್ರಿ ಮೂರು ಗಂಟೆ ನಿದ್ದೆ. ಎರಡನೇ ರಾತ್ರಿ ಎರಡು. ಮೂರನೇ ದಿನ ಸುಸ್ತು ಇರಬೇಕು ಅಲ್ವಾ? ಇಲ್ಲ. ನನಗೆ ವಿಪರೀತ ಹುಮ್ಮಸ್ಸು. ಬೆಳಗಿನ ನಾಲ್ಕಕ್ಕೆ ಎದ್ದು ಇಡೀ ಕಪಾಟು ಖಾಲಿ ಮಾಡಿ ಜೋಡಿಸುತ್ತಿದ್ದೆ. ಮನೆಯವರು "ಪರವಾಗಿಲ್ಲ, ಚುರುಕಾಗಿದ್ದಾಳೆ" ಅಂದುಕೊಂಡರು. ಐದನೇ ದಿನ ನಾನು ಏನು ಮಾಡಿದೆ ಅಂತ ಇಲ್ಲಿ ಬರೆಯಲು ಮನಸ್ಸಿಲ್ಲ.

ಈ ಕಾಯಿಲೆ ಇರುವವರಿಗೆ ನಿದ್ದೆ ಕೆಡುವುದು ಲಕ್ಷಣವೂ ಹೌದು, ಕಾರಣವೂ ಹೌದು. ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಇದೆ. ಸೆಕೆಗಾಲದಲ್ಲಿ ಸತತ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿದರೆ ಮೂರನೇ ಬೆಳಿಗ್ಗೆ ಡಾಕ್ಟರಿಗೆ ಫೋನ್. ನನಗೆ ಚೆನ್ನಾಗಿದೆ ಅನ್ನಿಸಿದರೂ ಫೋನ್. ಅದರಲ್ಲೂ ಚೆನ್ನಾಗಿದೆ ಅನ್ನಿಸಿದಾಗಲೇ.

ಮಾತ್ರೆಡಬ್ಬಿ

ಹಗುರನಿದ್ದೆ ಅವರೇ, ನೀವು ಹೇಳಿದ್ದು ಕಾಯಿಲೆ ಇಲ್ಲದವರಿಗೂ ಸಲ್ಲುತ್ತದೆ. 68 ದೇಶಗಳ 47,000ಕ್ಕೂ ಹೆಚ್ಚು ಜನರ ಕೈಪಟ್ಟಿಯಲ್ಲಿ ದಾಖಲಾದ ನಿದ್ದೆಯನ್ನು ನೋಡಿದ ಅಧ್ಯಯನ 2022ರಲ್ಲಿ ಬಂತು. ರಾತ್ರಿಯ ತಾಪ 30 ಡಿಗ್ರಿ ದಾಟಿದರೆ ಸರಾಸರಿ 14 ನಿಮಿಷ ನಿದ್ದೆ ಕಡಿಮೆ. ವಯಸ್ಸಾದವರಿಗೆ ಇನ್ನೂ ಜಾಸ್ತಿ. ಇದು ಸರಾಸರಿ ಅಷ್ಟೇ. ಬೇಗ ನಿದ್ದೆ ಕೆಡುವವರಿಗೆ 14 ನಿಮಿಷದಲ್ಲಿ ನಿಲ್ಲುವುದಿಲ್ಲ.

ಅಮ್ಮನಮಗಳು

ಅಮ್ಮನಿಗೆ ಮರೆವಿನ ಕಾಯಿಲೆ. ಅವರಿಗೆ ಬಾಯಾರಿಕೆ ಆಗುವುದೇ ಕಡಿಮೆ, ಆದಾಗಲೂ ಹೇಳಲು ಬರುವುದಿಲ್ಲ. ಹೋದ ಬೇಸಿಗೆಯಲ್ಲಿ ಎರಡು ದಿನ ಇಡೀ ಹೊತ್ತು ಸೆರಗಿನ ಅಂಚನ್ನು ಹಿಂಡುತ್ತಾ, ಬಾಗಿಲ ಹತ್ತಿರ ಹೋಗಿ ಬರುತ್ತಾ ಇದ್ದರು. ಕಾಯಿಲೆ ಮುಂದಿನ ಹಂತಕ್ಕೆ ಹೋಯಿತು ಅಂತ ನಾನು ಅತ್ತೆ. ಆಮೇಲೆ ಅಕ್ಕ ಬಂದು ಅವರ ತುಟಿ ನೋಡಿ, "ನೀರು ಎಷ್ಟು ಕುಡಿದರು ಇವತ್ತು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಟ್ಟ ಲೋಟಗಳೆಲ್ಲ ಕಿಟಕಿಕಟ್ಟೆಯ ಮೇಲೆ ತುಂಬಿದ ಹಾಗೇ ಕೂತಿದ್ದವು, ಐದು ಲೋಟ.

ಈಗ ಲೋಟ ಇಟ್ಟು ಹೋಗುವುದಿಲ್ಲ. ಜೊತೆಯಲ್ಲಿ ಕೂತು ನಾನೂ ಕುಡಿಯುತ್ತೇನೆ. ನಾನು ಕುಡಿದರೆ ಅವರೂ ಕುಡಿಯುತ್ತಾರೆ. ಮೂತ್ರದ ಬಣ್ಣ ನೋಡುತ್ತೇನೆ. ಎರಡೇ ದಿನದಲ್ಲಿ ವರ್ತನೆ ತಟ್ಟನೆ ಬದಲಾದರೆ ಮರೆವಿನ ಕಾಯಿಲೆ ಅಂತ ಒಪ್ಪಿಕೊಳ್ಳಬೇಡಿ. ಅದು ಹಾಗೆ ಓಡಿಕೊಂಡು ಬರುವುದಿಲ್ಲ. ತಟ್ಟನೆ ಬಂದದ್ದಕ್ಕೆ ಬೇರೆ ಕಾರಣ ಇರುತ್ತದೆ. ಡಾಕ್ಟರಿಗೆ ತೋರಿಸಿ.

ನೀರಿನಕೊಡ

ಒಂದು ತಿದ್ದುಪಡಿ. ನೀರು ಕುಡಿಸಿ, ನೀರು ಕುಡಿಸಿ ಅಂತ ಎಲ್ಲರೂ ಹೇಳುತ್ತಿದ್ದೀರಿ, ಸರಿ. ಆದರೆ ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ, ಅವನ ತೊಂದರೆ ಉಲ್ಟಾ. ಸೆಕೆಗಾಲದಲ್ಲಿ ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಲೇ ಇರುತ್ತಾನೆ. ಒಮ್ಮೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬಂತು. ಬರೀ ನೀರು ಲೀಟರುಗಟ್ಟಲೆ ಕುಡಿಯುವುದೂ ಅಪಾಯ ಅಂತ ಅವತ್ತು ಗೊತ್ತಾಯಿತು. ಈಗ ಬೆಳಿಗ್ಗೆ ಸಂಜೆ ತೂಕ ನೋಡಿ ಅಂದಿದ್ದಾರೆ ಡಾಕ್ಟರು. ಸಂಜೆಗೆ ತೂಕ ವಿಪರೀತ ಏರಿದ್ದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಹಾಗಾಗಿ ಎಲ್ಲರಿಗೂ ಒಂದೇ ಲೆಕ್ಕ ಹೇಳಬೇಡಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೂ ಅವರವರ ಡಾಕ್ಟರ ಲೆಕ್ಕವೇ ಸರಿ.

ರಾತ್ರಿಪಾಳಿ

ನೀರಿನಕೊಡ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗೊಂದಲ, ತಲೆನೋವು, ವಾಂತಿ, ಫಿಟ್ಸ್ ಇದ್ದು ಮೈ ಬಿಸಿ ಇಲ್ಲದಿದ್ದರೆ ನಾವೂ ಸೋಡಿಯಂ ನೋಡುತ್ತೇವೆ. ಎಷ್ಟು ನೀರು ಕುಡಿದರು ಅಂತ ಜೊತೆಗೆ ಬಂದವರು ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ಓದುಗ47

ನಾನು ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಇಷ್ಟು ತಾಳ್ಮೆಯಿಂದ ಉತ್ತರ ಕೊಟ್ಟಿದ್ದೀರಿ, ಧನ್ಯವಾದ. ನನ್ನ ಅಭಿಪ್ರಾಯ ಬದಲಾಗಿದೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಯ ಹಿಂದೆ ನನ್ನದೇ ಒಂದು ವಿಷಯ ಇತ್ತು. ಈ ಬೇಸಿಗೆಯಲ್ಲಿ ನನಗೆ ಮೂರು ಸಲ ಎದೆ ಢವಢವ, ತಲೆ ಸುತ್ತು, ಉಸಿರು ಕಟ್ಟಿದ ಹಾಗೆ, ಬೆರಳ ತುದಿ ಜುಮ್ಮೆನ್ನುವುದು ಆಯಿತು. ಸೆಕೆ ಅಂತ ಸುಮ್ಮನಿದ್ದೆ. ಹೆಂಡತಿ ಇದು ಆತಂಕ ಅಂತಾಳೆ. ಯಾವುದು ಅಂತ ಗೊತ್ತಾಗುವುದು ಹೇಗೆ?

ರಾತ್ರಿಪಾಳಿ

ಓದುಗ47 ಸರ್, ಹೇಳಿಕೊಂಡದ್ದು ಒಳ್ಳೆಯದಾಯಿತು. ಎರಡೂ ಒಂದರ ವೇಷ ಇನ್ನೊಂದು ಹಾಕುತ್ತವೆ. ಸೆಕೆಯಲ್ಲಿ ಚರ್ಮಕ್ಕೆ ರಕ್ತ ಜಾಸ್ತಿ ಕಳಿಸಬೇಕು ಅಂತ ಹೃದಯ ಜೋರಾಗಿ ಬಡಿಯುತ್ತದೆ. ಆತಂಕ ಇರುವವರಿಗೆ ಆ ಬಡಿತವೇ "ಏನೋ ಆಗುತ್ತಿದೆ" ಅನ್ನುವ ಭಯ ಹುಟ್ಟಿಸುತ್ತದೆ. ಭಯಕ್ಕೆ ಬಡಿತ ಇನ್ನೂ ಏರುತ್ತದೆ.

ಸಾಮಾನ್ಯವಾಗಿ ಆತಂಕದ ಏಟು ಕೆಲವೇ ನಿಮಿಷದಲ್ಲಿ ತುದಿಗೆ ಏರಿ ಮೆಲ್ಲಗೆ ಇಳಿಯುತ್ತದೆ. ಸೆಕೆಯ ಸುಸ್ತು ತಂಪಿನಲ್ಲಿ ಮಲಗಿ, ಕಾಲು ಎತ್ತಿಟ್ಟು, ನೀರು ಕುಡಿದರೆ ಇಳಿಯುತ್ತದೆ. ಹಾಗಾಗಿ ಯಾವುದಾದರೂ ಆಗಲಿ, ಮೊದಲು ತಂಪಿಗೆ ಹೋಗಿ, ಮೈ ಒದ್ದೆ ಮಾಡಿ, ನೀರು ಅಥವಾ ಓಆರ್‌ಎಸ್ ಕುಡಿಯಿರಿ. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಎದೆನೋವು ಇದ್ದರೆ, ಮಾತು ತೊದಲಿದರೆ, ಗೊಂದಲ ಆದರೆ ಅರ್ಧ ಗಂಟೆಯೂ ಕಾಯಬೇಡಿ. ಮೂರು ಸಲ ಆಗಿದೆ ಅಂದಿರಿ, ಹಾಗಾಗಿ ಈಗ ಸರಿ ಇದ್ದರೂ ಒಮ್ಮೆ ಇಸಿಜಿ ಮಾಡಿಸಿ. ಎಲ್ಲ ಸರಿ ಇದ್ದು ಆತಂಕ ಅಂತಾದರೆ ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

ಕಾಯುವವಳು

ಇದುವರೆಗೆ ಯಾರೂ ಎತ್ತದ ಮಾತೊಂದು ಇದೆ. ಮೆಲ್ಲಗೆ ಹೇಳುತ್ತೇನೆ. ನಾನು ಸಹಾಯವಾಣಿಯಲ್ಲಿ ಕರೆ ತೆಗೆದುಕೊಳ್ಳುವವಳು. ಸೆಕೆಯ ರಾತ್ರಿಗಳಲ್ಲಿ ಬದುಕು ಬೇಡ ಅನ್ನುವ ಕರೆಗಳು ಬರುವಾಗ ಮಾತಿನ ನಡುವೆ "ನಿದ್ದೆ ಮಾಡಿ ಎಷ್ಟು ದಿನ ಆಯಿತೋ" ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ತಿಂಗಳ ಸರಾಸರಿ ತಾಪ 1 ಡಿಗ್ರಿ ಏರಿದರೆ ಆತ್ಮಹತ್ಯೆಯ ಪ್ರಮಾಣ ಅಮೆರಿಕದಲ್ಲಿ ಶೇ. 0.7, ಮೆಕ್ಸಿಕೋದಲ್ಲಿ ಶೇ. 2.1ರಷ್ಟು ಏರಿದ್ದು ಕಂಡುಬಂತು. ಸೆಕೆಯೊಂದೇ ಯಾರನ್ನೂ ಅಲ್ಲಿಗೆ ತಳ್ಳುವುದಿಲ್ಲ. ಮೊದಲೇ ಭಾರ ಹೊತ್ತವರಿಗೆ ಅದು ಇನ್ನೊಂದು ಭಾರ ಹೊರಿಸುತ್ತದೆ.

ಮನೆಯಲ್ಲಿ ಯಾರಾದರೂ ಅಂಥ ಮಾತು ಆಡಿದರೆ "ಸೆಕೆಗೆ ಏನೇನೋ ಮಾತಾಡ್ತಾರೆ" ಅಂತ ಬಿಡಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ನಿಮ್ಮಲ್ಲಿರುವ ಸಹಾಯವಾಣಿಗೆ ಕರೆ ಮಾಡಿ ಅಥವಾ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇಲ್ಲಿ ಓದುತ್ತಿರುವವರಲ್ಲಿ ಯಾರಿಗಾದರೂ ಈಗಲೇ ಹಾಗೆ ಅನ್ನಿಸುತ್ತಿದ್ದರೆ, ದಯವಿಟ್ಟು ಪಕ್ಕದಲ್ಲಿರುವ ಒಬ್ಬರಿಗೆ ಇವತ್ತೇ ಹೇಳಿ. ನಡುರಾತ್ರಿ ಆಗಿದ್ದರೂ ಎಬ್ಬಿಸಿ ಹೇಳಿ.

ಸೈರನ್

ಕಾಯುವವಳು ಅವರೇ, ನೀವು ಬರೆದದ್ದಕ್ಕೆ ಕೈಮುಗಿಯುತ್ತೇನೆ. ಒಂದೇ ಸೇರಿಸುವುದು. ನಮಗೆ ಕರೆ ಮಾಡುವಾಗ "ಹುಚ್ಚು ಹಿಡಿದಿದೆ, ಬನ್ನಿ" ಅನ್ನಬೇಡಿ. ಕಂಡದ್ದನ್ನು ಹೇಳಿ. "ಎರಡು ಗಂಟೆಯಿಂದ ಗೊಂದಲ, ಮೈ ಸುಡುತ್ತಿದೆ, ಬೆವರಿಲ್ಲ, ಈ ಮಾತ್ರೆ ತಗೊಳ್ತಾರೆ." ಮೊದಲಿನ ಮಾತಿಗೆ ಹಗ್ಗ ನೆನಪಾಗುತ್ತದೆ, ಎರಡನೆಯದಕ್ಕೆ ನಾವು ಐಸ್ ತರುತ್ತೇವೆ.

ಬೆಳಗಿನಜಾವ

ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. ಹಗುರನಿದ್ದೆ ಅವರ ನಮಸ್ಕಾರವನ್ನೂ ತಲುಪಿಸಿದೆ. ಕಪಾಟು ಜೋಡಿಸಿದ್ದನ್ನು ಕೇಳಿ ತುಂಬಾ ಹೊತ್ತು ಸುಮ್ಮನಿದ್ದು "ನಾನೂ ಮಾಡಿದ್ದೇನೆ" ಅಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ರಾತ್ರಿಗಳ ಬಗ್ಗೆ ನನ್ನ ಹತ್ತಿರ ಮಾತಾಡಿದ.

ಆಮೇಲೆ ಇಬ್ಬರೂ ಕೂತು ಒಂದು ಚೀಟಿ ಬರೆದೆವು. ಅವನೇ ಹೇಳಿದ, ನಾನು ಬರೆದೆ, ಅವನ ಕೈ ಇನ್ನೂ ನಡುಗುತ್ತದೆ. "ನನಗೆ ಬೈಪೋಲಾರ್ ಇದೆ. ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ. ನನ್ನ ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಕೈ ನಡುಗಿದರೆ ದಯವಿಟ್ಟು ಮೊದಲು ನನ್ನ ಮೈಬಿಸಿ ನೋಡಿ, ರಕ್ತದಲ್ಲಿ ಲಿಥಿಯಂ ಮತ್ತು ಸೋಡಿಯಂ ನೋಡಿ. ನನ್ನ ಅಕ್ಕನ ಮಾತು ಕೇಳಿ." ಕೆಳಗೆ ನನ್ನ ಫೋನ್ ನಂಬರ್. ಒಂದು ಪ್ರತಿ ಅವನ ಪರ್ಸಿನಲ್ಲಿ, ಒಂದು ನನ್ನ ಚೀಲದಲ್ಲಿ, ಇನ್ನೊಂದು ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇವೆ.

ಸೋಮವಾರ ಮತ್ತೆ ರಕ್ತಪರೀಕ್ಷೆ ಇದೆ. ಏನು ಬಂತು ಅಂತ ಇಲ್ಲೇ ಬರೆಯುತ್ತೇನೆ.